ಅಟ್ಟದ ಮೇಲಿನ ಕ್ಯಾಮರಾ



ಹಾಸನದ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವನ್ನು ಗುಡಿಸುವಾಗ ಕೈಗೆ ಸಿಕ್ಕುವ ಸಾಮಾನುಗಳು ಹೆಚ್ಚು ಕಡಮೆ ಎಲ್ಲ ಕಡೆಯೂ ಒಂದೇ ಬಗೆಯವು. ಬಾಯೊಡೆದ ಉಪ್ಪಿನಕಾಯಿಯ ಭರಣಿ, ಬಟ್ಟೆ ಹರಿದ ಛತ್ರಿ, ತಳ ತೂತಾದ ತಾಮ್ರದ ಹಂಡೆ, ಆಡುವವರಿಲ್ಲದ ಅಳಗುಳಿಮಣೆ. ಅದೃಷ್ಟವಿದ್ದ ಮನೆಯಲ್ಲಿ, ಇವುಗಳ ನಡುವೆ, ತೊಗಲಿನ ಚೀಲದಲ್ಲಿ ಮುದುಡಿ ಕುಳಿತ ಒಂದು ಕ್ಯಾಮರಾ. ಚೀಲದ ಗುಂಡಿಗೆ ತುಕ್ಕು ಹಿಡಿದಿರುತ್ತದೆ. ತೆರೆದು ನೋಡಿದರೆ ಕರಿಯ ಪೆಟ್ಟಿಗೆಯಂಥ ಕೊಡಕ್ ಬ್ರೌನಿಯೋ, ಗುಂಡಿಯನ್ನು ಅದುಮಿದೊಡನೆ ಮೂತಿಯನ್ನು ಮುಂದಕ್ಕೆ ಚಾಚುವ ಆಗ್ಫಾ ಐಸೊಲೆಟ್ಟೋ, ಜೈಸ್ ಐಕಾನ್ ನೆಟ್ಟಾರೋ, ಇಲ್ಲವೆ ಬರೋಡೆಯಲ್ಲಿ ತಯಾರಾಗಿ ನಮ್ಮ ದೇಶದ ಎಷ್ಟೋ ಸಂಸಾರಗಳಿಗೆ ಮೊದಲನೆಯ ಕ್ಯಾಮರಾ ಆಗಿದ್ದ ಆಗ್ಫಾ ಕ್ಲಿಕ್ 3 ಎಂಬುದೋ ಆಗಿರುತ್ತದೆ.

ಅದನ್ನು ಕೈಗೆತ್ತಿಕೊಂಡವರು ಮೊದಲು ಮಾಡುವ ಮೂರು ಕೆಲಸಗಳನ್ನು ನಾವು ಚೆನ್ನಾಗಿ ಬಲ್ಲೆವು. ಏಕೆಂದರೆ ನಾವೂ ಅವನ್ನೇ ಮಾಡಿದವರು. ಹಿಂಬದಿಯ ಬಾಗಿಲನ್ನು ತೆರೆಯುವುದು. ಬಿಗಿದುಕೊಂಡ ಉಂಗುರವನ್ನು ಬಲವಾಗಿ ತಿರುಗಿಸುವುದು. ಹೊಲಿಗೆಯ ಯಂತ್ರದ ಎಣ್ಣೆಯನ್ನು ತಂದು ಎರಡು ತೊಟ್ಟು ಬಿಡುವುದು. ಹಳೆಯ ಕ್ಯಾಮರಾಗಳು 50–60 ವರ್ಷ ಅಟ್ಟದ ಮೇಲೆ ಮಲಗಿ ಕೆಟ್ಟುದಕ್ಕಿಂತ, ಕೆಳಗಿಳಿದ ಮೊದಲ ಹತ್ತು ನಿಮಿಷಗಳಲ್ಲಿ ಕೆಟ್ಟುದೇ ಹೆಚ್ಚೆಂದು ನಮ್ಮ ಅನುಭವ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲಿ, ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ದೀಪ, ಕೆಲವು ಸಣ್ಣ ತಿರುಪುಳಿಗಳನ್ನು ಇಟ್ಟುಕೊಂಡು ಭಾನುವಾರವನ್ನು ಇಂಥ ಯಂತ್ರಗಳೊಡನೆ ಕಳೆಯುವ ಕೆಲವರು ನಮ್ಮ ಸ್ನೇಹಿತರು. ಅವರೂ ನಾವೂ ಒಬ್ಬರಿಂದೊಬ್ಬರು ಕಲಿತುಕೊಂಡುದನ್ನು, ಬಹುಮಟ್ಟಿಗೆ ಕೆಡಿಸಿಯೇ ಕಲಿತುಕೊಂಡುದನ್ನು, ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಹೊಳೆನರಸೀಪುರದಲ್ಲಿ ನಮ್ಮ ಸೋದರಮಾವನವರ ಮಡಿಸುವ ಕ್ಯಾಮರಾ ನಮ್ಮ ಕೈಗೆ ಬಂದಿತು. ಮಾವನವರು ಕಾಲವಾಗಿ ಬಹಳ ದಿನಗಳಾಗಿದ್ದುವು. ಮಧ್ಯಾಹ್ನದ ಹೊತ್ತು, ಜಗುಲಿಯ ಮೇಲೆ, ಬಿಸಿಲು ಕಣ್ಣು ಕುಕ್ಕುತ್ತಿರುವಾಗ, ನಾವು ಹಿಂದು ಮುಂದು ನೋಡದೆ ಅದರ ಹಿಂಬಾಗಿಲನ್ನು ತೆರೆದೆವು. ಒಳಗೆ ಫಿಲ್ಮಿನ ಸುರುಳಿ ಇದ್ದಿತು. ‘ಇಷ್ಟು ವರ್ಷದ ಮೇಲೆ ಇದರಲ್ಲೇನಿದ್ದೀತು’ ಎಂದು ನಾವು ಹೇಳುತ್ತಿರುವಾಗಲೇ ಒಳಗಿನಿಂದ ಬಂದ ಅತ್ತೆಯವರು, ಅದರಲ್ಲಿ ತಮ್ಮ ತಾಯಿಯ ಚಿತ್ರವಿರಬೇಕೆಂದೂ, ಹೊಳೆಯ ದಡದಲ್ಲಿ ತೆಗೆದದ್ದೆಂದೂ, ಸುರುಳಿ ಮುಗಿಯದೆ ಹಾಗೆಯೇ ಉಳಿಯಿತೆಂದೂ, ಆಕೆಯ ಚಿತ್ರ ಬೇರೊಂದು ಮನೆಯಲ್ಲಿಲ್ಲವೆಂದೂ ಹೇಳಿದರು. ಬಾಗಿಲನ್ನು ಮುಚ್ಚಿದೆವು. ಕೈ ನಡುಗುತ್ತಿದ್ದಿತು.

ಆ ಸುರುಳಿಯನ್ನು ಕತ್ತಲೆಯಲ್ಲಿ ತೆಗೆದು ತೊಳೆದಾಗ ಕಂಡುದನ್ನು ಸ್ವಲ್ಪ ವಿವರಿಸಬೇಕಾಗಿದೆ. ಇದರಲ್ಲಿ ಎಲ್ಲರಿಗೂ ಉಪಯೋಗವಾಗುವ ಒಂದು ಸಂಗತಿಯಿದೆ. ಫಿಲ್ಮು ಒಂದು ಕಡ್ಡಿಯಿಂದ ಬಿಚ್ಚಿಕೊಂಡು ಇನ್ನೊಂದು ಕಡ್ಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದಷ್ಟೆ. ಮೊದಲು ತೆಗೆದ ಚಿತ್ರ ಒಳಸುತ್ತಿನಲ್ಲಿ ಅಡಗುತ್ತದೆ. ಕಡೆಗೆ ತೆಗೆದುದು ಹೊರಸುತ್ತಿನಲ್ಲಿರುತ್ತದೆ. ಹಗಲಿನ ಬೆಳಕು ನುಗ್ಗಿದಾಗ ಹೊರಸುತ್ತು ಸುಟ್ಟುಹೋಗಿ, ಒಳಸುತ್ತು ತನ್ನ ಮೇಲಿನ ಸುತ್ತುಗಳ ಮತ್ತು ಕರಿಯ ಕಾಗದದ ಮರೆಯಲ್ಲಿ ಉಳಿದುಕೊಳ್ಳುತ್ತದೆ. ಆದುದರಿಂದ ನಮಗೆ ದೊರೆತದ್ದು ಮೊದಲಿನ ಎರಡು ಚಿತ್ರಗಳು: ಕೊಟ್ಟಿಗೆಯ ಮುಂದೆ ನಿಂತ ಒಂದು ಕರು, ಬೇಸಗೆಯ ಹೇಮಾವತಿಯ ಮರಳು. ಅತ್ತೆಯವರ ತಾಯಿ ಕಡೆಯ ಚಿತ್ರದಲ್ಲಿದ್ದವರು. ಆ ಭಾಗ ಒಂದೇ ಸಮನೆ ಕಪ್ಪಾಗಿದ್ದಿತು. ಅತ್ತೆಯವರು ಏನೂ ಅನ್ನಲಿಲ್ಲ. ಕರುವಿನ ಹೆಸರನ್ನು ಮಾತ್ರ ಹೇಳಿದರು.

ಆದುದರಿಂದ ಮೊದಲನೆಯ ಮಾತು: ಹಿಂಬಾಗಿಲನ್ನು ತೆರೆಯಬೇಡಿ. ಹೆಚ್ಚಿನ ಹಳೆಯ ಕ್ಯಾಮರಾಗಳ ಬೆನ್ನಿನಲ್ಲಿ ಕೆಂಪು ಗಾಜಿನ ಒಂದು ಸಣ್ಣ ಕಿಟಕಿ ಇರುತ್ತದೆ. ಮಂದವಾದ ಬೆಳಕಿನಲ್ಲಿ ಅದರೊಳಗೆ ಇಣಕಿ ನೋಡಿದರೆ, ಫಿಲ್ಮಿದ್ದಲ್ಲಿ ಅದರ ಬೆನ್ನುಕಾಗದವೂ ಅಂಕಿಯೂ ಕಾಣುತ್ತವೆ. ಕಂಡರೆ, ಫಿಲ್ಮನ್ನು ಮುಂದಕ್ಕೆ ಕಡೆಯವರೆಗೆ ಮೆಲ್ಲಗೆ ಸುತ್ತಿ, ಆಮೇಲೆ ಕತ್ತಲೆಯ ಕೋಣೆಯಲ್ಲಿ ಹೊರಗೆ ತೆಗೆಯುವುದು. ಗುಂಡಿ ಬಿಗಿಯಾಗಿದ್ದರೆ ಬಲ ಹಾಕದೆ, ಕ್ಯಾಮರಾವನ್ನೇ ಕತ್ತಲೆಗೆ ಒಯ್ದು ತೆರೆಯುವುದು. ಕಪ್ಪು ಬಿಳುಪಿನ ಫಿಲ್ಮು ಹತ್ತಾರು ವರ್ಷಗಳ ಮೇಲೂ ಚಿತ್ರವನ್ನು ಉಳಿಸಿಕೊಂಡಿರುವುದುಂಟು. 1956ರಲ್ಲಿ ಬಂದ ಕೊಡಕ್ಕಿನ ವೆರಿಕ್ರೋಮ್ ಪ್ಯಾನ್ ಈ ಗುಣಕ್ಕೆ ಹೆಸರಾದುದು. ಹಳೆಯ ಬಣ್ಣದ ಫಿಲ್ಮುಗಳನ್ನು ಅವುಗಳದೇ ರಸಾಯನಗಳಲ್ಲಿ ತೊಳೆಯುವ ಕ್ರಮ ನಿಂತುಹೋಗಿದೆ. ಕೊಡಕ್ರೋಮಿನ ಸಂಸ್ಕಾರ 2010ರ ಕಡೆಗೆ ಮುಗಿಯಿತು. ಆದರೂ ಅವನ್ನು ಕಪ್ಪು ಬಿಳುಪಿನ ರೀತಿಯಲ್ಲಿ ತೊಳೆದು ಬಣ್ಣವಿಲ್ಲದ ಆಕೃತಿಯನ್ನಾದರೂ ಪಡೆಯಬಹುದು.

ಇನ್ನು ಯಂತ್ರದ ವಿಷಯ. ನಮ್ಮ ಜಿಲ್ಲೆ ಮಲೆನಾಡೂ ಅಹುದು, ಮೈದಾನವೂ ಅಹುದು. ಅರಕಲಗೂಡಿನ ಪಡುವಣ ಹೋಬಳಿಗಳು ಕೊಡಗಿನ ಸೆರಗಿಗೆ ತಗುಲಿಕೊಂಡಿವೆ. ಚನ್ನರಾಯಪಟ್ಟಣವೋ ಕೆರೆ, ತೆಂಗು, ಕೆಂಪು ಧೂಳಿನ ಸೀಮೆ. ಒಂದೇ ಕಾರ್ಖಾನೆಯಲ್ಲಿ ಒಂದೇ ವರ್ಷ ಹುಟ್ಟಿದ ಎರಡು ಕ್ಯಾಮರಾಗಳು ಈ ಎರಡು ತಾಲ್ಲೂಕುಗಳಲ್ಲಿ ಬೇರೆ ಬೇರೆ ರೋಗಕ್ಕೆ ತುತ್ತಾಗುತ್ತವೆ. ಮಳೆಯ ಸೀಮೆಯ ಕ್ಯಾಮರಾದ ಮಸೂರವನ್ನು ದೀಪಕ್ಕೆ ಹಿಡಿದು ನೋಡಿದರೆ ಜೇಡರ ಬಲೆಯ ಎಳೆಗಳಂತೆ ಬೂಷ್ಟು ಹಬ್ಬಿರುತ್ತದೆ. ಮೈದಾನದ್ದರಲ್ಲಿ ಮಸೂರ ತಿಳಿಯಾಗಿರುತ್ತದೆ. ಆದರೆ ಉಂಗುರಗಳ ಸಂದಿಗೆ ಧೂಳು ಸೇರಿ, ಹಳೆಯ ಜಿಡ್ಡಿನೊಡನೆ ಬೆರೆತು, ಮರಳುಕಾಗದದಂತೆ ಉಜ್ಜುತ್ತಿರುತ್ತದೆ. ಅಡಿಗೆಯ ಮನೆಯ ಮೇಲಣ ಅಟ್ಟದಲ್ಲಿ ಹೊಗೆಗೆ ಸಿಕ್ಕಿ ಬೆಳೆದ ಕ್ಯಾಮರಾಗಳನ್ನೂ ಎರಡು ಮೂರು ಕಂಡಿದ್ದೇವೆ. ಹೊರಗೆಲ್ಲ ಕೀಲು ಬಳಿದಂತಿದ್ದರೂ ಒಳಗೆ ಬೂಷ್ಟಿನ ಒಂದೆಳೆಯೂ ಇರಲಿಲ್ಲ. ಹೊಗೆಯೂ ಬಿಸುಪೂ ತೇವವನ್ನು ಹತ್ತಿರ ಸೇರಿಸಿರಲಿಲ್ಲ. ಆದಕಾರಣ ಕ್ಯಾಮರಾ ಎಲ್ಲಿ ಮಲಗಿದ್ದಿತು ಎಂದು ಕೇಳುವುದು ವೈದ್ಯನು ರೋಗಿಯ ಊರನ್ನು ಕೇಳಿದಂತೆ. ಅರ್ಧ ನಿದಾನ ಅಲ್ಲಿಯೇ ಆಗಿಹೋಗುತ್ತದೆ.

ಉಪಕರಣಗಳಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಮಸೂರವನ್ನು ಹಿಡಿದ ಉಂಗುರಗಳಲ್ಲಿ ಎದುರುಬದುರಾಗಿ ಎರಡು ಕಚ್ಚುಗಳಿರುತ್ತವೆ. ಶಾಲೆಯ ಹುಡುಗರ ಕೈವಾರದ ಎರಡು ಮೊನೆಗಳನ್ನೂ ಅರದಿಂದ ಉಜ್ಜಿ ಚಪ್ಪಟೆ ಮಾಡಿದರೆ ಅದನ್ನು ತಿರುಗಿಸುವ ಒಳ್ಳೆಯ ಸಾಧನವಾಗುತ್ತದೆ. ಕಚ್ಚಿಲ್ಲದ ಉಂಗುರಕ್ಕೆ ಸೀಸೆಯ ರಬ್ಬರು ಬಿರಡೆಯನ್ನು ಒತ್ತಿ ತಿರುಗಿಸಬಹುದು. ತಿರುಪುಗಳ ತಲೆಗೆ ಸರಿಯಾಗಿ ಕೂರುವ ತಿರುಪುಳಿ ಮಾತ್ರ ಬೇಕೇ ಬೇಕು. ಸಡಿಲವಾದುದು ಜಾರಿ, ತಿರುಪನ್ನೂ ಕೆಡಿಸಿ, ಮಸೂರವನ್ನೂ ಗೀರುತ್ತದೆ. ಅಟ್ಟದಿಂದ ಕ್ಯಾಮರಾದೊಡನೆ ಇಳಿದ ಅಳಗುಳಿಮಣೆಯನ್ನು ದಯವಿಟ್ಟು ಮತ್ತೆ ಮೇಲಿಡಬೇಡಿ. ಅದರ 14 ಗುಳಿಗಳಲ್ಲಿ ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಒಂದೊಂದಾಗಿ ಹಾಕುತ್ತ ಹೋದರೆ, ಮರಳಿ ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಒಂದು ಚಿಕ್ಕ ತಿರುಪು ಉಳಿದು, ಅದು ಎಲ್ಲಿಯದೆಂದು ತಿಳಿಯದೆ ರಾತ್ರಿ ನಿದ್ದೆಗೆಟ್ಟವರಿಗೆ ಈ ಮಣೆಯ ಬೆಲೆ ಗೊತ್ತಾಗುತ್ತದೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಕೈಯಲ್ಲಿರುವ ಫೋನಿನಿಂದ ಒಂದು ಚಿತ್ರವನ್ನು ತೆಗೆದಿಡುವುದೂ ಲೇಸು. ಹೊಸ ಕ್ಯಾಮರಾ ಹಳೆಯದಕ್ಕೆ ಮಾಡುವ ಸೇವೆ ಇದು.

ಮಡಿಸುವ ಕ್ಯಾಮರಾಗಳಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದು ಅದರ ತಿದಿ. ಮಸೂರಕ್ಕೂ ಫಿಲ್ಮಿಗೂ ನಡುವೆ ಮಡಿಕೆ ಮಡಿಕೆಯಾಗಿ ನಿಲ್ಲುವ ಆ ಕರಿಯ ಚೀಲಕ್ಕೆ ನಮ್ಮ ಗುಂಪಿನಲ್ಲಿ ಕಮ್ಮಾರನ ಕುಲುಮೆಯ ಹೆಸರೇ ನಿಂತುಬಿಟ್ಟಿದೆ. ಆಗ್ಫಾದ ಐಸೊಲೆಟ್ ಮಾಲಿಕೆಯ ತಿದಿಗಳು ತೊಗಲಲ್ಲದ ಕೃತಕ ವಸ್ತುವಿನಿಂದ ಆದುವು. ಮಡಿಕೆಯ ಮೂಲೆಗಳಲ್ಲಿ ಅವು ಬಿರಿಯುತ್ತವೆ. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಕ್ಯಾಮರಾ ಬರಿದಾಗಿದೆಯೆಂದು ನಿಶ್ಚಯವಾದ ಮೇಲೆ ಹಿಂಬಾಗಿಲನ್ನು ತೆರೆದು, ಕತ್ತಲೆಯ ಕೋಣೆಯಲ್ಲಿ ತಿದಿಯೊಳಗೆ ಸಣ್ಣ ದೀಪವೊಂದನ್ನು ಇಟ್ಟು, ಹೊರಗಿನಿಂದ ನಾಲ್ಕು ಮೂಲೆಗಳನ್ನೂ ಓರೆಯಾಗಿ ನೋಡಬೇಕು. ಅಮಾವಾಸ್ಯೆಯ ಆಕಾಶದಂತೆ ಚುಕ್ಕಿಗಳು ಮಿನುಗಿದರೆ ರೋಗ ಗೊತ್ತಾಯಿತು. ಅರಕಲಗೂಡಿನ ನಮ್ಮ ಸ್ನೇಹಿತರೊಬ್ಬರು ತಮ್ಮ ಚಿತ್ರಗಳಲ್ಲೆಲ್ಲ ಒಂದೇ ಸ್ಥಳದಲ್ಲಿ ಬೀಳುತ್ತಿದ್ದ ಬೆಳ್ಳಗಿನ ಮಚ್ಚೆಯನ್ನು ಒಂದು ವರ್ಷ ಕಾಲ ಫಿಲ್ಮಿನ ದೋಷವೆಂದು ಬೈದುಕೊಂಡಿದ್ದರು. ಒಂದೇ ಒಂದು ಚುಕ್ಕಿ ಸಾಲದೆ?

ಎರಡು ಮೂರು ಚುಕ್ಕಿಗಳಾದರೆ ತೇಪೆ ಸಾಕು. ಬಡಗಿಯವರ ಬಿಳಿಯ ಅಂಟಿಗೆ ಬಟ್ಟೆಗೆ ಹಾಕುವ ಕರಿಯ ಬಣ್ಣವನ್ನು ಕಲಸಿ, ಸಣ್ಣ ಕುಂಚದಿಂದ ತೆಳ್ಳಗೆ ಬಳಿದು, ತಿದಿಯನ್ನು ಪೂರ್ತಿ ಚಾಚಿದ ಸ್ಥಿತಿಯಲ್ಲಿಯೇ ಒಂದು ಹಗಲು ಒಂದು ರಾತ್ರಿ ಒಣಗಿಸಿ, ಮತ್ತೆ ಬಳಿಯುವುದು. ಕಡೆಗೆ ಮುಖಕ್ಕೆ ಹಚ್ಚುವ ಪೌಡರನ್ನು ಒಂದಿಷ್ಟು ಸವರಿದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳವು. ವಿದ್ಯುತ್ತಿನ ಕೆಲಸಕ್ಕೆ ಬಳಸುವ ಕರಿಯ ಪಟ್ಟಿಯನ್ನು ಅಂಟಿಸುವವರುಂಟು. ಅದು ಕೂಡದು, ಬೇಸಗೆಗೆ ಅದರ ಅಂಟು ಕರಗಿ ಹರಿಯುತ್ತದೆ, ದಪ್ಪವಾದುದರಿಂದ ಕ್ಯಾಮರಾ ಮುಚ್ಚುವುದೂ ಇಲ್ಲ.

ಮೂಲೆಗಳೆಲ್ಲ ಹೋಗಿದ್ದರೆ ಹೊಸ ತಿದಿಯೇ ಆಗಬೇಕು. ಇದನ್ನು ಮಾಡಿಕೊಡುವ ಅಂಗಡಿ ನಮ್ಮ ನಾಲ್ಕು ಊರಿನಲ್ಲಿಯೂ ಇಲ್ಲ. ಆದರೆ ಹಾರ್ಮೋನಿಯಮ್ಮಿನ ತಿದಿಯನ್ನು ಕಟ್ಟಬಲ್ಲವನಿಗೆ ಇದು ದೂರದ ವಿದ್ಯೆಯಲ್ಲ. ಇದು ಬರಿಯ ಊಹೆಯ ಮಾತೂ ಅಲ್ಲ. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ವಾದ್ಯಗಳ ಕೆಲಸ ಮಾಡುತ್ತಿದ್ದ ಒಂದು ಅಂಗಡಿಗೆ ಛಾಯಾಚಿತ್ರಗಾರರೊಬ್ಬರು ತಮ್ಮ ಕ್ಯಾಮರಾದ ಹರಿದ ತಿದಿಯನ್ನು ತಂದರಂತೆ. ಆ ಮನೆಯ ಮಗನಾದ ಕರುಣಾಕರನ್ ಎಂಬವರು ಅದನ್ನು ಸರಿಪಡಿಸಿ, ಅಷ್ಟಕ್ಕೇ ನಿಲ್ಲದೆ, ತೇಗದ ಮರ ಹಿತ್ತಾಳೆಗಳಿಂದ ಇಡೀ ಕ್ಯಾಮರಾವನ್ನೇ ನಿರ್ಮಿಸಿದರು. ‘ವಾಗೀಶ್ವರಿ’ ಎಂಬ ಹೆಸರಿನ ಆ ಕ್ಯಾಮರಾ ಮುಂದೆ ದೇಶದ ನಾನಾ ಕಡೆಯ ಸ್ಟುಡಿಯೋಗಳಲ್ಲಿ ಮುಕ್ಕಾಲಿಯ ಮೇಲೆ ನಿಂತಿತು. ಸರಸ್ವತಿಯ ಹೆಸರು ಸಂಗೀತದ ಅಂಗಡಿಯಿಂದ ಚಿತ್ರದ ಅಂಗಡಿಗೆ ನಡೆದುಬಂದುದು ನಮಗೆ ಬಹಳ ಸರಿಯೆನಿಸುತ್ತದೆ.

ಕೆಲಸದ ಕ್ರಮ ಹೀಗೆ. ಹಳೆಯ ತಿದಿಯನ್ನು ಹರಿಯದೆ ಬಿಡಿಸಿ, ಹರಡಿ, ಮಡಿಕೆಗಳನ್ನು ಎಣಿಸಿ, ಅಗಲಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಒಳಪದರಕ್ಕೆ ಬೆಳಕು ತೂರದ ತೆಳುವಾದ ಕರಿಯ ಬಟ್ಟೆ. ಅದರ ಮೇಲೆ ಮಡಿಕೆಗೆ ಒಂದರಂತೆ ಗಟ್ಟಿ ಕಾಗದದ ಪಟ್ಟಿಗಳು, ಪಟ್ಟಿಗೂ ಪಟ್ಟಿಗೂ ನಡುವೆ ಬೆನ್ನು ಮುರಿಯುವುದಕ್ಕೆ ಕೂದಲೆಳೆಯಷ್ಟು ಜಾಗ. ಮೇಲೆ ತೆಳು ತೊಗಲು ಅಥವಾ ಇನ್ನೊಂದು ಬಟ್ಟೆ. ಅಂಟು ಅರೆ ಒಣಗಿರುವಾಗಲೇ ಬೆರಳಿನಿಂದ ಮಡಿಕೆಗಳನ್ನು ಎಬ್ಬಿಸಿ, ರಾತ್ರಿಯೆಲ್ಲ ಭಾರವಾದ ಪುಸ್ತಕದ ಕೆಳಗೆ ಒತ್ತಿಡುವುದು. ಎಲ್ಲರೂ ತಪ್ಪುವುದು ದಪ್ಪದಲ್ಲಿ. ಚನ್ನರಾಯಪಟ್ಟಣದಲ್ಲಿ ಹಾರ್ಮೋನಿಯಂ ರಿಪೇರಿಯವರೊಬ್ಬರು ನಮಗಾಗಿ ಕಟ್ಟಿಕೊಟ್ಟ ಮೊದಲನೆಯ ತಿದಿ ನೋಡುವುದಕ್ಕೆ ಬಲು ಸೊಗಸಾಗಿದ್ದಿತು. ಆದರೆ ಕ್ಯಾಮರಾದ ಬಾಗಿಲು ಮುಚ್ಚಲೊಲ್ಲದೆ ಹೋಯಿತು. ಗಾಳಿಯನ್ನು ಹಿಡಿಯುವ ತಿದಿಗೆ ದಪ್ಪ ಬೇಕು. ಬೆಳಕನ್ನು ತಡೆಯುವ ತಿದಿಗೆ ತೆಳುವೇ ಗುಣ. ನಮ್ಮದೇ ಪ್ರಯತ್ನಗಳಲ್ಲಿ ಮೊದಲಿನೆರಡು ಒಲೆಗೆ ಹೋದುವು. ಮೂರನೆಯದು ಈಗಲೂ ಮಾವನವರ ಕ್ಯಾಮರಾದಲ್ಲಿದೆ.

ಎಣ್ಣೆಯ ಮಾತಿಗೆ ಬರೋಣ. ಮಸೂರದ ನಡುವೆ ತೆರೆದು ಮುಚ್ಚುವ ಷಟರಿನಲ್ಲಿ ಹೂವಿನ ಎಸಳುಗಳಂತೆ ಒಂದರ ಮೇಲೊಂದು ಸರಿಯುವ ತೆಳು ಉಕ್ಕಿನ ಎಲೆಗಳಿರುತ್ತವೆ. ಈ ಎಲೆಗಳಿಗೆ ಎಣ್ಣೆ ವಿಷ. ಒಂದು ಹನಿ ಬಿದ್ದರೆ ಎಲೆ ಎಲೆಯ ನಡುವೆ ಹರಡಿ, ಒದ್ದೆಯಾದ ಎರಡು ಗಾಜಿನ ಬಿಲ್ಲೆಗಳಂತೆ ಅವನ್ನು ಬಂಧಿಸಿಬಿಡುತ್ತದೆ. ನಿಧಾನವಾಗಿ ನಡೆಯುತ್ತಿದ್ದ ಷಟರು ಆಗ ನಿಂತೇ ಹೋಗುತ್ತದೆ. ಅದಕ್ಕೆ ಬೇಕಾದುದು ಎಣ್ಣೆಯಲ್ಲ, ಹಳೆಯ ಎಣ್ಣೆಯನ್ನು ತೆಗೆಯುವುದು. ಸಿಗರೇಟು ಹೊತ್ತಿಸುವ ಲೈಟರಿಗೆ ತುಂಬುವ ಶುದ್ಧ ನಾಫ್ತಾವನ್ನು, ಮಸೂರಗಳನ್ನು ತೆಗೆದಿಟ್ಟು, ಹತ್ತಿ ಸುತ್ತಿದ ಕಡ್ಡಿಯಿಂದ ಎಲೆಗಳಿಗೆ ಸವರಿ, ಷಟರನ್ನು ಹತ್ತಾರು ಸಲ ನಡೆಸಿ, ಒರಸಿ, ಹತ್ತಿಯಲ್ಲಿ ಕರೆ ಕಾಣದವರೆಗೂ ಇದನ್ನೇ ಮಾಡಬೇಕು. ಸೀಮೆ ಎಣ್ಣೆ ಕೂಡದು. ಅದು ತನ್ನದೇ ಜಿಡ್ಡನ್ನು ಬಿಡುತ್ತದೆ. ನಾಫ್ತಾ ಬೇಗನೆ ಹತ್ತಿಕೊಳ್ಳುವ ವಸ್ತು. ಕಿಟಕಿ ತೆರೆದಿರಲಿ, ದೇವರ ದೀಪ ಹಚ್ಚುವ ಹೊತ್ತಿನಲ್ಲಿ ಈ ಕೆಲಸ ಬೇಡ.

ಹಾಸನದ ಗಡಿಯಾರದ ರಿಪೇರಿಯವರೊಬ್ಬರಿಂದ ನಾವು ಕಲಿತದ್ದು ಇದಕ್ಕಿಂತ ಸೂಕ್ಷ್ಮವಾದುದು. ನಿಧಾನದ ವೇಗಗಳನ್ನು ಅಳೆಯುವುದಕ್ಕೆ ಷಟರಿನಲ್ಲಿ ಗಡಿಯಾರದಂತೆಯೇ ಹಲ್ಲುಚಕ್ರಗಳ ಒಂದು ಸಾಲು ಇರುತ್ತದೆ. ಅದರ ಅಚ್ಚಿನ ತುದಿಗಳಿಗೆ ಮಾತ್ರ, ಸೂಜಿಯ ಮೊನೆಯಲ್ಲಿ ನಿಂತಷ್ಟು, ಕಣ್ಣಿಗೆ ಕಂಡೂ ಕಾಣದಷ್ಟು ಗಡಿಯಾರದ ಎಣ್ಣೆಯನ್ನು ಮುಟ್ಟಿಸಬಹುದು. ‘ಹನಿ’ ಎಂದರೇ ಅವರು ನಗುತ್ತಾರೆ. ಮತ್ತೂ ಎರಡು ಎಚ್ಚರಿಕೆಗಳುಂಟು. ತೆಗೆಯುವವರೂ ಓಡಿಬಂದು ಚಿತ್ರದಲ್ಲಿ ನಿಲ್ಲಲೆಂದು ತಡಮಾಡಿ ನಡೆಯುವ ಒಂದು ಸನ್ನೆಯನ್ನು ಕೆಲವು ಷಟರುಗಳಲ್ಲಿ ಇಟ್ಟಿದ್ದಾರೆ. ಹಳೆಯ ಷಟರಿನಲ್ಲಿ ಅದನ್ನು ಮುಟ್ಟಲೇಬೇಡಿ. ಅರ್ಧಕ್ಕೆ ಸಿಕ್ಕಿಕೊಂಡರೆ ಇಡೀ ಷಟರನ್ನು ಹಿಡಿದಿಡುತ್ತದೆ. ಕಾಂಪುರ್ ಷಟರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ವೇಗವನ್ನು ಇಡಬೇಕಾದಲ್ಲಿ ಬಿಗಿಯುವುದಕ್ಕೆ ಮೊದಲೇ ಇಟ್ಟುಕೊಳ್ಳಬೇಕು, ಬಿಗಿದ ಮೇಲೆ ಅಲ್ಲ.

ತೊಳೆದ ಷಟರು ಸರಿಯಾಗಿ ನಡೆಯುತ್ತಿದೆಯೆ? ಇದನ್ನು ಗ್ರಾಮಫೋನಿನಿಂದ ತಿಳಿಯುವ ಹಳೆಯ ಉಪಾಯವೊಂದು ನಮಗೆ ಬಹಳ ಪ್ರಿಯವಾದುದು. ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಬಿಳಿಯ ಒಂದು ಗೆರೆಯನ್ನು ಅಂಟಿಸಿ, ತಿರುಗಲು ಬಿಟ್ಟು, ನೇರವಾಗಿ ಮೇಲಿನಿಂದ ಚಿತ್ರ ತೆಗೆಯಬೇಕು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆ ಒಂದು ಸೆಕೆಂಡಿಗೆ ಸರಿಯಾಗಿ 200 ಡಿಗ್ರಿ ತಿರುಗುತ್ತದೆ. ಸೆಕೆಂಡಿನ 25ನೆಯ ಒಂದು ಭಾಗ ಷಟರು ತೆರೆದಿದ್ದರೆ ಗೆರೆ 8 ಡಿಗ್ರಿಯ ಬೀಸಣಿಗೆಯಾಗಿ ಮೂಡಬೇಕು. 10ನೆಯ ಒಂದು ಭಾಗಕ್ಕೆ 20 ಡಿಗ್ರಿ. ಹೆಚ್ಚಿನ ವೇಗಗಳಿಗೆ 78 ಸುತ್ತಿನ ತಟ್ಟೆ ವಾಸಿ: ಅದು ಸೆಕೆಂಡಿಗೆ 468 ಡಿಗ್ರಿ ತಿರುಗುವುದರಿಂದ 50ನೆಯ ಒಂದು ಭಾಗಕ್ಕೆ 9 ಡಿಗ್ರಿಗೆ ತುಸು ಮೇಲೆ ಬರುತ್ತದೆ. ಗ್ರಾಮಫೋನು ಇಲ್ಲದವರು ಫೋನಿನ ನಿಧಾನಗತಿಯ ಚಿತ್ರಣವನ್ನು ಬಳಸಬಹುದು. ಅದು ಸೆಕೆಂಡಿಗೆ 240 ಚೌಕಟ್ಟುಗಳನ್ನು ಹಿಡಿಯುವುದಾದರೆ, 25ನೆಯ ಒಂದು ಭಾಗದ ತೆರೆಯುವಿಕೆ ಒಂಬತ್ತು ಹತ್ತು ಚೌಕಟ್ಟುಗಳಲ್ಲಿ ಕಾಣುತ್ತದೆ.

ಇಲ್ಲಿ ನಮ್ಮ ಅಭಿಪ್ರಾಯವೊಂದನ್ನು ಹೇಳುತ್ತೇವೆ. 8 ಡಿಗ್ರಿ ಬರಬೇಕಾದಲ್ಲಿ ಪ್ರತಿಸಲವೂ 16 ಡಿಗ್ರಿ ಬಂದರೆ ಆ ಷಟರನ್ನು ಮತ್ತೆ ಬಿಚ್ಚಬೇಡಿ. 25 ಎಂದು ಬರೆದಿರುವಲ್ಲಿ 12 ಎಂದು ಒಂದು ಚೀಟಿಯಲ್ಲಿ ಬರೆದು ಚೀಲದೊಳಗೆ ಇಡಿ. ರಂಧ್ರವನ್ನು ಒಂದು ಮೆಟ್ಟಿಲು ಕಿರಿದು ಮಾಡಿದರೆ ಲೆಕ್ಕ ಸರಿಹೋಯಿತು. ಒಮ್ಮೆ 8, ಒಮ್ಮೆ 14, ಒಮ್ಮೆ 30 ಬಂದರೆ ಮಾತ್ರ ಅದು ರೋಗ. ಯಾವಾಗಲೂ ಒಂದೇ ಸುಳ್ಳನ್ನು ಹೇಳುವವನೊಡನೆ ಸಂಸಾರ ಮಾಡಬಹುದಷ್ಟೆ.

ಮಸೂರದ ಬೂಷ್ಟನ್ನು ಒಣಗಿದ ಬಟ್ಟೆಯಿಂದ ಉಜ್ಜಬಾರದು. ಮೊದಲು ಮೆತ್ತನೆಯ ಕುಂಚದಿಂದ ಧೂಳನ್ನು ಹಾರಿಸಿ, ಆಮೇಲೆ ಔಷಧದ ಅಂಗಡಿಯ 3ರಷ್ಟು ಬಲದ ಹೈಡ್ರೊಜನ್ ಪೆರಾಕ್ಸೈಡನ್ನೂ ಮನೆ ಶುಚಿಮಾಡುವ ತೆಳುವಾದ ಅಮೋನಿಯವನ್ನೂ ಸಮಭಾಗ ಬೆರೆಸಿ, ಹತ್ತಿಯಿಂದ ಒತ್ತದೆ ಸವರಿ, ಶುದ್ಧವಾದ ನೀರಿನಿಂದ ಒರಸಬೇಕು. ಈ ಕೆಲಸವೂ ಗಾಳಿಯಾಡುವ ಕಡೆಯಲ್ಲಿಯೇ ಆಗಲಿ; ಬಟ್ಟೆ ಬೆಳ್ಳಗಾಗಿಸುವ ಬ್ಲೀಚಿನೊಡನೆ ಅಮೋನಿಯ ಎಂದೂ ಸೇರಕೂಡದು, ವಿಷವಾಯು ಹುಟ್ಟುತ್ತದೆ. ಬೂಷ್ಟು ಗಾಜನ್ನೇ ಕೊರೆದುಬಿಟ್ಟಿದ್ದರೆ ಆ ಗೆರೆಗಳು ಹೋಗವು. ಎರಡು ಗಾಜುಗಳನ್ನು ಅಂಟಿಸಿದ ಸಂದಿಯಲ್ಲಿ ಅದು ಹೊಕ್ಕಿದ್ದರೆ ನಮ್ಮಂಥವರು ಕೈಹಾಕಬಾರದು. ಒಂದೆರಡು ಎಳೆಗಳಿಂದ ಚಿತ್ರಕ್ಕೆ ಆಗುವ ಹಾನಿ ಜನ ಹೆದರುವಷ್ಟಿಲ್ಲ.

ಐಸೊಲೆಟ್ಟಿನಲ್ಲಿ ದೂರವನ್ನು ಹೊಂದಿಸುವ ಉಂಗುರ ಕಲ್ಲಿನಂತೆ ನಿಂತಿರುವುದು ಸಾಮಾನ್ಯ. ಕಾರ್ಖಾನೆಯವರು ಹಾಕಿದ ಜಿಡ್ಡು ವರ್ಷಗಳಲ್ಲಿ ಹಸುರು ಮೇಣವಾಗಿ ಗಟ್ಟಿಯಾಗಿರುತ್ತದೆ. ಇಕ್ಕುಳ ಹಿಡಿಯಬೇಡಿ. ಸಂದಿಗೆ ನಾಫ್ತಾವನ್ನು ಬಿಟ್ಟು, ಒಂದು ರಾತ್ರಿ ಕಾದು, ಮತ್ತೆ ಬಿಟ್ಟು, ಕೈಯಿಂದ ಎಡಬಲಕ್ಕೆ ಅಲುಗಿಸುತ್ತ ಹೋದರೆ ಮೂರು ನಾಲ್ಕು ದಿನಗಳಲ್ಲಿ ಬಿಡುತ್ತದೆ. ಮಸೂರ ಪೂರ್ತಿ ಹೊರಗೆ ಬರುವ ಕ್ಷಣದಲ್ಲಿ ಅದು ನಿಂತ ದಿಕ್ಕನ್ನು ಗುರುತು ಮಾಡಿಕೊಳ್ಳಬೇಕು; ಮರಳಿ ಸೇರಿಸುವಾಗ ಎಳೆ ತಪ್ಪಿದರೆ ದೂರದ ಲೆಕ್ಕವೆಲ್ಲ ತಪ್ಪುತ್ತದೆ. ಜೋಡಿಸಿದ ಮೇಲೆ, ಫಿಲ್ಮು ಕೂರುವ ಜಾಗದಲ್ಲಿ ಬೆಣ್ಣೆಕಾಗದವನ್ನು ಬಿಗಿಯಾಗಿ ಹಿಡಿಸಿ, ಷಟರನ್ನು ತೆರೆದಿಟ್ಟು, ಭೂತಗಾಜಿನಿಂದ ದೂರದ ವಸ್ತುವೊಂದರ ತಲೆಕೆಳಗಾದ ಬಿಂಬವನ್ನು ನೋಡಿ ಉಂಗುರವನ್ನು ಹೊಂದಿಸಬೇಕು. ಹಾಸನದಲ್ಲಿರುವವರಿಗೆ ಸೀಗೆಗುಡ್ಡದ ನೆತ್ತಿ ಇದಕ್ಕೆ ಒಳ್ಳೆಯ ಗುರಿ.

ಮೊದಲನೆಯ ಸುರುಳಿಯನ್ನು ಎಲ್ಲಿ ಪರೀಕ್ಷಿಸಬೇಕೆಂದು ಯೋಚಿಸುವಾಗ, ನಮ್ಮ ಜಿಲ್ಲೆ ಕ್ಯಾಮರಾವನ್ನು ಬಹಳ ಹಿಂದೆಯೇ ಕಂಡ ನಾಡೆಂಬುದನ್ನು ನೆನೆಯಬೇಕು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನ್ನಿಯಸ್ ಟ್ರೈಪ್, ವೈದ್ಯರಾಗಿದ್ದ ಆಂಡ್ರ್ಯೂ ನೀಲ್ ಇವರು 1854ರ ಡಿಸೆಂಬರಿನಲ್ಲಿ ಹಳೆಬೀಡು ಬೇಲೂರುಗಳ ಗುಡಿಗಳನ್ನು ಚಿತ್ರಿಸಿದರು. 1855ರ ಮದರಾಸಿನ ಪ್ರದರ್ಶನದಲ್ಲಿ ಆ ಚಿತ್ರಗಳನ್ನು ಜನ ನೋಡಿದರು. ಅವರ ಫಿಲ್ಮು ಕಾಗದವೇ ಆಗಿದ್ದಿತು. ನೀಲ್ ಮೊದಲಾದವರು ತೆಗೆದ ಚಿತ್ರಗಳ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಾವೂ ನಮ್ಮ ಯಂತ್ರಗಳನ್ನು ಇಂಥ ಸ್ಥಳಗಳಿಗೇ ಒಯ್ಯುತ್ತೇವೆ. ಮೊಸಳೆಯ ಜೋಡಿ ಗುಡಿಗಳ ಹೊರಗೋಡೆಯಲ್ಲಿ ಮಸೂರದ ಸೂಕ್ಷ್ಮ ತಿಳಿಯುತ್ತದೆ. ದೊಡ್ಡಗದ್ದವಳ್ಳಿಯ ಕತ್ತಲೆಯಲ್ಲಿ ಷಟರನ್ನು ಸೆಕೆಂಡುಗಟ್ಟಲೆ ತೆರೆದಿಡಬೇಕಾಗುವುದರಿಂದ ತಿದಿಯಲ್ಲಿ ಉಳಿದ ರಂಧ್ರವೂ, ಮುಕ್ಕಾಲಿಯ ನಡುಕವೂ ಹೊರಬೀಳುತ್ತವೆ. ಶ್ರವಣಬೆಳಗೊಳದ ವಿಷಯದಲ್ಲಿ ಒಂದು ಮಾತು. ಸುಮಾರು 57 ಅಡಿ ಎತ್ತರದ ಗೊಮ್ಮಟ ಉತ್ತರಾಭಿಮುಖವಾಗಿ ನಿಂತಿದ್ದಾನೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮುಖಕ್ಕೆ ನೇರವಾದ ಬಿಸಿಲು ಬೀಳದೆ, ಬೆನ್ನ ಹಿಂದಿನ ಆಕಾಶ ಮಾತ್ರ ಉರಿಯುತ್ತಿರುತ್ತದೆ. ಪ್ರವಾಸಿಗಳು ಹೆಚ್ಚಾಗಿ ಹೋಗುವುದೂ, ಗೊಮ್ಮಟನ ಮುಖ ಕಪ್ಪಾಯಿತೆಂದು ಕ್ಯಾಮರಾವನ್ನು ಬಿಚ್ಚುವುದೂ ಆ ಕಾಲದಲ್ಲಿಯೇ. ಏಪ್ರಿಲಿನ ಕಡೆಯ ವಾರದಿಂದ ಆಗಸ್ಟಿನ ಮಧ್ಯದವರೆಗೆ ನಡುಹಗಲಿನ ಸೂರ್ಯನೂ ಅಲ್ಲಿ ಉತ್ತರಕ್ಕಿರುತ್ತಾನೆ. ಆಗಿನ ಬೆಳಗಿನ ಓರೆಬಿಸಿಲಿನಲ್ಲಿ ಹೋಗಿ ನೋಡಿ. ಬೆಳಕನ್ನಳೆಯುವ ಯಂತ್ರವಿಲ್ಲದವರು 100ರ ಫಿಲ್ಮಿಗೆ, ಎಂದರೆ ಹಳೆಯ ಜರ್ಮನ್ ಕ್ಯಾಮರಾಗಳ ಮೇಲೆ 21 ಡಿಗ್ರಿ ಎಂದು ಬರೆದಿರುವುದಕ್ಕೆ, ತಿಳಿಯಾದ ಬಿಸಿಲಿನಲ್ಲಿ ರಂಧ್ರ 16, ವೇಗ 100 ಎಂದಿಟ್ಟರೆ ಮೋಸವಿಲ್ಲ.

ಫಿಲ್ಮು ಸಿಕ್ಕುತ್ತದೆಯೇ ಎಂದು ಕೇಳುವಿರಿ. 1901ರಲ್ಲಿ ಹುಟ್ಟಿದ 120 ಎಂಬ ಅಳತೆಯ ಫಿಲ್ಮನ್ನು ಈಗಲೂ ತಯಾರಿಸುತ್ತಾರೆ. ಐಸೊಲೆಟ್ಟೂ ಕ್ಲಿಕ್ 3ರೂ ಅದನ್ನೇ ತಿನ್ನುತ್ತವೆ. ಕೊಡಕ್ಕಿನ ಅನೇಕ ಕ್ಯಾಮರಾಗಳಿಗೆ ಬೇಕಾದ 620 ಮಾತ್ರ 1995ರಲ್ಲಿ ನಿಂತಿತು. ಆದರೆ ಎರಡರ ಫಿಲ್ಮೂ ಒಂದೇ, ಕಾಗದವೂ ಒಂದೇ, ಕಡ್ಡಿಯೊಂದು ಸಣ್ಣದು. ಕತ್ತಲೆಯಲ್ಲಿ 120ರ ಸುರುಳಿಯನ್ನು 620ರ ಒಂದು ಕಡ್ಡಿಗೆ ಸುತ್ತಿ, ಅಲ್ಲಿಂದ 620ರ ಇನ್ನೊಂದು ಕಡ್ಡಿಗೆ ಮರಳಿ ಸುತ್ತಬೇಕು. ಫಿಲ್ಮಿನ ಒಂದು ತುದಿಯನ್ನು ಮಾತ್ರ ಕಾಗದಕ್ಕೆ ಅಂಟಿಸಿರುವುದರಿಂದ ಎರಡನೆಯ ಸುತ್ತಿನ ಕೊನೆಯಲ್ಲಿ ಅಲ್ಲೊಂದು ಉಬ್ಬು ಏಳುತ್ತದೆ. ಆ ಅಂಟುಪಟ್ಟಿಯನ್ನು ಬಿಡಿಸಿ, ಫಿಲ್ಮನ್ನು ನಯವಾಗಿ ಸವರಿ, ಹೊಸ ಜಾಗದಲ್ಲಿ ಅಂಟಿಸುವುದು. ಕೆಟ್ಟುಹೋದ ಒಂದು ಸುರುಳಿಯಿಂದ ಹಗಲಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿ, ಆಮೇಲೆ ಕಣ್ಣು ಮುಚ್ಚಿಕೊಂಡು ಹತ್ತು ಸಲ ಮಾಡಿ, ಅನಂತರವೇ ಕತ್ತಲೆಗೆ ಹೋಗಬೇಕು. ಬೆನ್ನಿನ ಕೆಂಪು ಕಿಟಕಿ ಕೆಂಪು ಬೆಳಕಿಗೆ ಕುರುಡಾಗಿದ್ದ ಹಳೆಯ ಫಿಲ್ಮಿನ ಕಾಲದ್ದು. ಈಗಿನ ಫಿಲ್ಮಿಗೆ ಕೆಂಪೂ ಕಾಣುತ್ತದೆ. ಆದಕಾರಣ ಅದರ ಮೇಲೆ ಕರಿಯ ಪಟ್ಟಿಯೊಂದನ್ನು ಹಾಕಿ, ಸುತ್ತುವಾಗ ಮಾತ್ರ ನೆರಳಿನಲ್ಲಿ ಎತ್ತಿ ನೋಡಬೇಕು.

ಮಳೆಗಾಲದಲ್ಲಿ ಕ್ಯಾಮರಾ ತೊಗಲಿನ ಚೀಲದಲ್ಲಿ ಇರಬಾರದು. ತೊಗಲು ತೇವವನ್ನು ಕುಡಿದು ಇಟ್ಟುಕೊಳ್ಳುತ್ತದೆ. ಬಿಗಿಯಾದ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಇಷ್ಟು ಸಾಕು. ನೀಲಿಯ ಹರಳು ತೇವ ಹೀರಿ ನಸುಗೆಂಪಾದಾಗ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿಗೆ ಕಾರಣವಾದ ಕೋಬಾಲ್ಟು ಹೊಟ್ಟೆಗೆ ಹೋಗತಕ್ಕ ವಸ್ತುವಲ್ಲ. ಅಡಿಗೆಯ ಬಾಣಲೆಯನ್ನು ಅದಕ್ಕೆ ಬಳಸಬಾರದು. ಅಕ್ಕಿಯ ನಡುವೆ ಹೂಳಿಡುವವರ ಕ್ಯಾಮರಾಗಳಿಂದ ನಾವು ಹೊರತೆಗೆದ ಹಿಟ್ಟಿನ ಧೂಳು ಸ್ವಲ್ಪವಲ್ಲ.

ಕಡೆಯದಾಗಿ, ಫಿಲ್ಮನ್ನು ತೊಳೆಯುವುದಕ್ಕೆ ಊರಾಚೆಗೆ ಕಳುಹಿಸುವವರು 620ರ ಕಡ್ಡಿಯನ್ನು ಮರಳಿ ಕಳುಹಿಸಬೇಕೆಂದು ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆಯತಕ್ಕದ್ದು. ಅದು ಏನೆಂದು ತಿಳಿಯದೆ ಕಸದ ಬುಟ್ಟಿಗೆ ಹಾಕಿಬಿಡುತ್ತಾರೆ. ನಮ್ಮಲ್ಲಿದ್ದ ನಾಲ್ಕರಲ್ಲಿ ಎರಡು ಹಾಗೆ ಹೋದುವು.